ಬರೆಯಬೇಕು ಅಂತ ಕೂತರೆ ಕೂರೋಕೇ ಜಾಗವಿಲ್ಲ

ಲೆಕ್ಕದ ಪುಸ್ತಕ · ಜೂನ್ 9

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಾನು ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನವೆಲ್ಲಾ ಬರೆಯುವುದೇ ಕೆಲಸ, ಆದರೆ ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು ಅಂತ. ಕಾಲೇಜಿನಲ್ಲಿದ್ದಾಗ ಒಂದು ಕಥೆ ಬರೆದಿದ್ದೆ, ವಾರ್ಷಿಕ ಸಂಚಿಕೆಯಲ್ಲಿ ಬಂದಿತ್ತು. ಅದಾಗಿ 14 ವರ್ಷ. ಆಮೇಲೆ ಮದುವೆ, ಮಗ, ಅಂಗಡಿ. ಈಗ ಒಂದು ಕಥೆ ತಲೆಯಲ್ಲಿ ಕೂತುಬಿಟ್ಟಿದೆ, ಎದ್ದು ಹೋಗುತ್ತಿಲ್ಲ. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಬಿಡಿಸೋ ಹೆಂಗಸರದು.

ತೊಂದರೆ ಏನೆಂದರೆ ನಮ್ಮದು ಎರಡೇ ಕೋಣೆಯ ಮನೆ. ಇರೋ ಒಂದು ಟೇಬಲ್ ಮಗನ ಹೋಂವರ್ಕಿಗೆ. ಏಳರಿಂದ ಹತ್ತರವರೆಗೆ ಅತ್ತೆಯ ಧಾರಾವಾಹಿ. ಈಗ ಸೀಸನ್ ಇಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಡಿಸೆಂಬರ್ ಬಂದರೆ ಉಸಿರಾಡೋಕೂ ಪುರಸೊತ್ತು ಇರುವುದಿಲ್ಲ. ಅಷ್ಟರೊಳಗೆ ರೂಢಿ ಆಗಬೇಕು. ಎಲ್ಲಿ ಬರೆಯಬೇಕು? ದಿನಾ ಬರೆಯೋದು ಹೇಗೆ?

ಗಾಂಧಿಬಜಾರ್ ಗಿರಾಕಿ · ಜೂನ್ 9

ಸ್ವಾಗತ. ಕಥೆಗೆ ಈಗಲೂ ಜಾಗ ಇದೆ. ಸುಧಾ ವಾರಪತ್ರಿಕೆ (1965ರಿಂದ ಬರುತ್ತಿದೆ), ಮಯೂರ (1968), ತರಂಗ, ತುಷಾರ. ಭಾನುವಾರದ ಪುರವಣಿಗಳೂ ಇವೆ. ವರ್ಷಕ್ಕೊಮ್ಮೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ. ಅಂತರ್ಜಾಲದಲ್ಲಿ ಅವಧಿ, ಕೆಂಡಸಂಪಿಗೆ. ಧಾರಾವಾಹಿ ತರಹ ಬರೆಯೋದಾದರೆ ಪ್ರತಿಲಿಪಿ ಆ್ಯಪ್, ಅಲ್ಲಿ ಓದುಗರು ಜಾಸ್ತಿ, ಮುಂದಿನ ಕಂತು ಎಲ್ಲಿ ಅಂತ ಜಗಳಕ್ಕೇ ಬರುತ್ತಾರೆ. ಕಳಿಸೋ ಮೊದಲು ಆ ಪತ್ರಿಕೆಯ ನಾಲ್ಕು ಹಳೆ ಸಂಚಿಕೆ ಓದಿ. ಕಥೆ ಎಷ್ಟು ಉದ್ದ ಇರುತ್ತದೆ ಅಂತ ಎಣಿಸಿ ನೋಡಿ.

ಲೆಕ್ಕದ ಪುಸ್ತಕ · ಜೂನ್ 9

ಅಯ್ಯೋ ಸರ್, ಎಲ್ಲಿ ಅಂದರೆ ಎಲ್ಲಿಗೆ ಕಳಿಸೋದು ಅಂತಲ್ಲ. ಎಲ್ಲಿ ಕೂತು ಬರೆಯೋದು ಅಂತ! ಕಳಿಸೋಕೆ ಕಥೆ ಆಗಬೇಕಲ್ಲ.

ಆದರೂ ಬರೆದಿಟ್ಟುಕೊಂಡೆ.

ಮಿಡಿಗಾಯಿ · ಜೂನ್ 9

😄 ಗಿರಾಕಿಯವರು ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿದರು.

ನಾನು ಉಡುಪಿ ಕಡೆಯವಳು. ನನ್ನ ಜಾಗ ಅಡುಗೆಮನೆ ಕಟ್ಟೆ. ನಿಂತುಕೊಂಡೇ ಬರೆಯುತ್ತೇನೆ. ಬೆಳಿಗ್ಗೆ ಹಾಲು ಕಾಯೋ ಹೊತ್ತು, ಆಮೇಲೆ ಅನ್ನಕ್ಕಿಟ್ಟ ಹೊತ್ತು. ಕುಕ್ಕರ್ ಮೂರು ಸಲ ಕೂಗೋದರೊಳಗೆ ಎಂಟು ಹತ್ತು ಸಾಲು ಆಗುತ್ತದೆ. ಹಾಲು ಉಕ್ಕಿಸಿದ್ದಕ್ಕೆ ಲೆಕ್ಕವಿಲ್ಲ. ಒಂದು ಸಲಹೆ: ಒಳ್ಳೆ ನೋಟ್‌ಬುಕ್ ತರಬೇಡಿ. ನಾನು ಮೊದಲು ಚೆಂದದ ಡೈರಿ ತಂದೆ. ಅದರಲ್ಲಿ ಕೆಟ್ಟ ಸಾಲು ಬರೆಯೋಕೆ ಮನಸ್ಸೇ ಬರಲಿಲ್ಲ, ಆರು ತಿಂಗಳು ಖಾಲಿ ಬಿದ್ದಿತ್ತು. ಈಗ ಮಗಳ ಹಳೆ ಪಟ್ಟಿಯಲ್ಲಿ ಉಳಿದ ಹಾಳೆಗಳು. ಅರಿಶಿಣ ಬಿದ್ದರೂ ಬೇಜಾರಿಲ್ಲ.

ನೇರಳೆ ಲೈನ್ · ಜೂನ್ 10

ನನ್ನದು ಮೆಟ್ರೋ. ಕೆಂಗೇರಿಯಲ್ಲಿ ಹತ್ತಿದರೆ ಸೀಟು ಸಿಗುತ್ತದೆ, ಕಾಡುಗೋಡಿಗೆ ಗಂಟೆಗೂ ಜಾಸ್ತಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿ ಆಗುವ ಮೊದಲು ಬೈಯಪ್ಪನಹಳ್ಳಿಯಲ್ಲಿ ಇಳಿದು ಬಸ್ ಹಿಡಿಯಬೇಕಿತ್ತು. ಅಲ್ಲಿ ಕಥೆಯ ಎಳೆ ಕಡಿದುಹೋಗುತ್ತಿತ್ತು. ಈಗ ಒಂದೇ ಉಸಿರು. ಮೆಜೆಸ್ಟಿಕ್ ಬರುವ ಹೊತ್ತಿಗೆ ಎದುರಿಗೆ ನಿಂತವರ ಬ್ಯಾಗು ಮುಖಕ್ಕೆ ತಾಗುತ್ತಿರುತ್ತದೆ, ಆದರೂ ಹೆಬ್ಬೆರಳು ನಿಲ್ಲಿಸುವುದಿಲ್ಲ.

ಫೋನಿನಲ್ಲೇ ಟೈಪ್. ಸಂಜೆ ವಾಪಸ್ ಬರುವಾಗ ನಿಂತೇ ಬರಬೇಕು, ಬರೆಯೋಕೆ ಆಗಲ್ಲ. ಬೆಳಿಗ್ಗೆ ಬರೆದದ್ದನ್ನು ಓದುತ್ತೇನೆ ಅಷ್ಟೆ. ಸಂಜೆಯ ಕಣ್ಣಿಗೆ ಬೆಳಗಿನ ತಪ್ಪು ಎಲ್ಲಾ ಕಾಣುತ್ತದೆ.

ಧ್ವನಿ ಟೈಪಿಂಗನ್ನೂ ನೋಡಿದೆ. ಪಿಸುಗುಟ್ಟಿದರೆ 'ಹಾಲು' ಹೋಗಿ 'ಆಲೂ' ಆಗುತ್ತದೆ. ಜೋರಾಗಿ ಹೇಳಿದರೆ ಇಡೀ ಬೋಗಿಗೆ ನನ್ನ ಪ್ರೇಮಕಥೆ.

ಸೈಕಲ್ ಮೇಷ್ಟ್ರು · ಜೂನ್ 10

ಗ್ರಂಥಾಲಯ ಯಾರೂ ಹೇಳಲಿಲ್ಲವಲ್ಲ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ನಾವು ಕಟ್ಟೋ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯದ ಕರವೂ ಸೇರಿರುತ್ತದೆ. ಅಂದರೆ ಅಲ್ಲಿನ ಕುರ್ಚಿ ನಮ್ಮ ದುಡ್ಡಿನದೇ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು.

ನಿಜ ಹೇಳಬೇಕೆಂದರೆ ಕುರ್ಚಿ ಸಿಗುವುದು ಕಷ್ಟ. ಮೈಸೂರಿನಲ್ಲಿ ನಾನು ಹೋಗುವ ಕಡೆ ಬಾಗಿಲು ತೆಗೆಯುವ ಮೊದಲೇ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಸಾಲು ನಿಂತಿರುತ್ತಾರೆ. ಪಿಡಿಒ, ಎಫ್‌ಡಿಎ, ಕೆಎಎಸ್. ಪಾಪ, ಅವರಿಗೆ ಆ ಟೇಬಲ್ ನನಗಿಂತ ಜಾಸ್ತಿ ಬೇಕು. ನಾನು ದಿನಪತ್ರಿಕೆ ಓದುವ ವಿಭಾಗದ ಮೂಲೆಯಲ್ಲಿ ಕೂರುತ್ತೇನೆ. ಅಲ್ಲಿ ಸದ್ದು ಇರುತ್ತದೆ, ಆದರೆ ಯಾರೂ ಏನು ಬರೀತಿದೀರಿ ಅಂತ ಕೇಳುವುದಿಲ್ಲ. ಮನೆಯಲ್ಲಿ ಕೇಳುತ್ತಾರೆ.

ಬೇಸಿಗೆಯಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಬೆಂಚು. ಕುವೆಂಪು ನಡೆದಾಡಿದ ದಂಡೆ ಅಂತ ಹೋಗಿ ಕೂತರೆ ಮೊದಲ ವಾರ ಪೆನ್ನೇ ಓಡಲಿಲ್ಲ! ಆಮೇಲೆ ಅದು ಬರೀ ಬೆಂಚು ಆಯಿತು, ಬರವಣಿಗೆ ಬಂತು.

ಬೇಲಿ ಹೂ · ಜೂನ್ 11

ಸ್ವಲ್ಪ ತಕರಾರು ತೆಗೆಯುತ್ತೇನೆ. ದಿನಾ ಬರೆಯಬೇಕು ಅನ್ನೋದು ಯಾರು ಮಾಡಿದ ಕಾನೂನು? ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ. ಗೊನೆ ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿದು ಬೆರಳು ಕಪ್ಪಾಗಿರುತ್ತದೆ, ಬರವಣಿಗೆ ಮಾತೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ, ಯಾರೂ ಬರುವುದಿಲ್ಲ. ಆಗ ಬರೆಯುತ್ತೇನೆ. ವರ್ಷಕ್ಕೆ ಎರಡು ಕಥೆ. ಭತ್ತಕ್ಕೆ ಒಂದು ಕಾಲ ಇದ್ದ ಹಾಗೆ ಕಥೆಗೂ ಒಂದು ಕಾಲ ಇರಲಿ ಬಿಡಿ. ದಿನಕ್ಕೆ 500 ಪದ ಅಂತ ಹಟ ಹಿಡಿದು ಮೂರನೇ ವಾರಕ್ಕೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅದರಲ್ಲಿ ನಾನೂ ಒಬ್ಬ.

ನೇರಳೆ ಲೈನ್ · ಜೂನ್ 11

ನಿಮಗೆ ಮಳೆ ರಜೆ ಕೊಡುತ್ತದೆ. ನಮಗೆ ಮಳೆ ಬಂದರೆ ಸಿಲ್ಕ್ ಬೋರ್ಡಿನಲ್ಲಿ ಎರಡು ಗಂಟೆ ಜಾಸ್ತಿ. ಸಂಬಳದವರಿಗೆ ದಿನದಲ್ಲಿ ಕದಿಯೋದು ಬಿಟ್ಟರೆ ಬೇರೆ ದಾರಿ ಇಲ್ಲ. ಮಾಸ್ತಿಯವರು ಸರ್ಕಾರಿ ಅಧಿಕಾರಿಯಾಗಿ ಊರೂರು ತಿರುಗುತ್ತಲೇ ಅಷ್ಟು ಕಥೆ ಬರೆದರು, ಅಲ್ವಾ?

ಬೇಲಿ ಹೂ · ಜೂನ್ 11

ಅವರು ಮಾಸ್ತಿ.

ಧಾರವಾಡದ ಮಳೆ · ಜೂನ್ 12

ನಮ್ಮ ಊರಿನ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ 'ಅಟ್ಟ' ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ದೊಡ್ಡ ದೊಡ್ಡ ಬರಹಗಾರರು ಆ ಮೆಟ್ಟಿಲು ಹತ್ತಿದವರೇ. ನಾನು ಮೊದಲ ಸಲ ಹತ್ತಿದಾಗ ಅರಮನೆ ತರಹ ಏನೋ ಇರುತ್ತದೆ ಅಂದುಕೊಂಡಿದ್ದೆ. ಅಟ್ಟ ಅಂದರೆ ಅಟ್ಟವೇ.

ನನಗೆ ಅನ್ನಿಸಿದ್ದು, ಅಲ್ಲಿಗೆ ಬರುತ್ತಿದ್ದವರಿಗೆ ಕುರ್ಚಿಗಿಂತ ಕಿವಿ ಮುಖ್ಯವಾಗಿತ್ತು. ಯಾರೋ ಕೇಳುತ್ತಾರೆ ಅಂತ ಗೊತ್ತಿದ್ದರೆ ಹೇಗೋ ಬರೆದು ತರುತ್ತೇವೆ. ನಾವು ನಾಲ್ಕು ಜನ ತಿಂಗಳ ಎರಡನೇ ಶನಿವಾರ ಸೇರುತ್ತೇವೆ. ಒಬ್ಬರು ಎಲ್ಐಸಿ, ಒಬ್ಬರು ನರ್ಸು, ಒಬ್ಬರು ಪಿಎಚ್‌ಡಿ ಮುಗಿಸದ ಹುಡುಗ, ಮತ್ತೆ ನಾನು. ನಿಯಮ ಒಂದೇ. ಓದುವವರು ಓದೋ ಮೊದಲು "ಇದು ಇನ್ನೂ ಪೂರ್ತಿ ಆಗಿಲ್ಲ" ಅಂತ ಹೇಳಬಾರದು. ಹೇಳಿದರೆ ಎಲ್ಲರಿಗೂ ಗಿರಮಿಟ್ ಕೊಡಿಸಬೇಕು. ಹುಡುಗ ಇದುವರೆಗೆ ಏಳು ಸಲ ಕೊಡಿಸಿದ್ದಾನೆ.

ಲೆಕ್ಕದ ಪುಸ್ತಕದವರೇ, ಬ್ಯಾಡಗಿಯಲ್ಲಿ ಓದಿಸಿಕೊಳ್ಳೋಕೆ ಒಬ್ಬರು ಸಿಕ್ಕರೂ ಸಾಕು. ನಿಮ್ಮ ಜಿಲ್ಲೆಯಲ್ಲೇ 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯಿತು. ಅಷ್ಟು ಜನ ಸೇರಿದ ಕಡೆ ಒಬ್ಬರಾದರೂ ಸಿಗದೆ ಇರುತ್ತಾರಾ?

ಲೆಕ್ಕದ ಪುಸ್ತಕ · ಜೂನ್ 12

ಹಾವೇರಿ ಸಮ್ಮೇಳನಕ್ಕೆ ಹೋಗಿದ್ದೆ. ಪುಸ್ತಕ ಕೊಳ್ಳೋಕೆ ಇಟ್ಟಿದ್ದ ದುಡ್ಡಿನಲ್ಲಿ ಅರ್ಧ ಮಗನ ಐಸ್‌ಕ್ರೀಮಿಗೆ ಹೋಯಿತು.

ನಾಳೆಯಿಂದ ಶುರು. ದಿನಕ್ಕೆ ಒಂದು ಪುಟ.

ಲೆಕ್ಕದ ಪುಸ್ತಕ · ಜೂನ್ 24

ಒಂಬತ್ತು ದಿನ ಬರೆದೆ, ಮೂರು ದಿನ ಬಿಟ್ಟೆ. ಮಗನಿಗೆ ಜ್ವರ ಇತ್ತು. ಬಿಟ್ಟ ಮೇಲೆ ಮತ್ತೆ ಕೂರೋಕೆ ನಾಚಿಕೆ ಆಗುತ್ತದೆ. ಯಾರ ಮುಂದೆ ಅಂತ ಗೊತ್ತಿಲ್ಲ.

ಸೈಕಲ್ ಮೇಷ್ಟ್ರು · ಜೂನ್ 24

ಬಿಟ್ಟ ದಿನದ ಸಾಲ ತೀರಿಸೋಕೆ ಹೋಗಬೇಡಿ. ಮೂರು ದಿನದ್ದು ಸೇರಿಸಿ ನಾಲ್ಕು ಪುಟ ಅಂತ ಕೂತಿರೋ, ಅವತ್ತೇ ಮುಗಿಯಿತು. ನಾನೊಂದು ಕೆಲಸ ಮಾಡುತ್ತೇನೆ, ನಗಬೇಡಿ. ಬರೆಯುತ್ತಾ ಬರೆಯುತ್ತಾ ಮುಂದೇನು ಅಂತ ಗೊತ್ತಿರುವಾಗಲೇ ನಿಲ್ಲಿಸಿಬಿಡುತ್ತೇನೆ. ವಾಕ್ಯದ ನಡುವೆ ಆದರೂ ಸರಿ. ಮಾರನೇ ದಿನ ಆ ಅರ್ಧ ವಾಕ್ಯ ಕೈ ಹಿಡಿದು ಎಳೆದುಕೊಳ್ಳುತ್ತದೆ.

ಅಂಕಿತ ಇಲ್ಲದವನು · ಜುಲೈ 2

ತಡವಾಗಿ ಬಂದೆ. ರೂಢಿ ಬೇಕು ಅಂದರೆ ವಾಟ್ಸ್ಆ್ಯಪ್ ಸಾಹಿತ್ಯ ಗುಂಪು ಸೇರಿ. ದಿನಾ ಒಂದು ದತ್ತಪದ ಕೊಡುತ್ತಾರೆ, ರಾತ್ರಿಯೊಳಗೆ ಕವನ ಹಾಕಬೇಕು. ನಾನು ಒಂದು ವರ್ಷದಲ್ಲಿ 200ಕ್ಕೂ ಜಾಸ್ತಿ ಕವನ ಬರೆದೆ. 'ಅತ್ಯುತ್ತಮ', 'ಉತ್ತಮ', 'ಮೆಚ್ಚುಗೆ' ಅಂತ ಪ್ರಮಾಣಪತ್ರದಿಂದ ಫೋನಿನ ಮೆಮೊರಿ ತುಂಬಿಹೋಯಿತು.

ಆಮೇಲೆ ಒಂದು ದಿನ "ನಿಮ್ಮ ಕವನ ರಾಜ್ಯಮಟ್ಟದ ಸಂಕಲನಕ್ಕೆ ಆಯ್ಕೆಯಾಗಿದೆ" ಅಂತ ಬಂತು. ಖುಷಿಯಾಯಿತು. 1,500 ರೂಪಾಯಿ ಕಟ್ಟಬೇಕು, ಐದು ಪ್ರತಿ, ಶಾಲು, ಫಲಕ. ಕಟ್ಟಿದೆ. ಪುಸ್ತಕ ಬಂತು. ನನ್ನ ಕವನದ ಕೊನೆಯ ಚರಣ ಮುಂದಿನ ಪುಟದಲ್ಲಿ ಬೇರೆ ಯಾರದೋ ಕವನದ ತಲೆಯ ಮೇಲೆ ಕೂತಿತ್ತು. ಶೀರ್ಷಿಕೆಯಲ್ಲೇ ಕಾಗುಣಿತ ತಪ್ಪು. ಆ ಐದು ಪ್ರತಿಗಳಲ್ಲಿ ನಾಲ್ಕು ಇನ್ನೂ ಮಂಚದ ಕೆಳಗಿವೆ. ಹೆಸರು ಹೇಳುವುದಿಲ್ಲ, ಇಂಥವರು ಒಬ್ಬರಲ್ಲ.

ಗುಂಪಿನಿಂದ ಕೈ ಪಳಗಿತು, ಅದು ನಿಜ. ಆದರೆ ದುಡ್ಡು ಕೇಳಿದ ಕಡೆ ನಿಲ್ಲಿ.

ಗಾಂಧಿಬಜಾರ್ ಗಿರಾಕಿ · ಜುಲೈ 2

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಇನ್ನೊಂದು ವಿಷಯ: ಫೇಸ್‌ಬುಕ್‌ನಲ್ಲೋ ಗುಂಪಿನಲ್ಲೋ ಹಾಕಿದ ಕಥೆಯನ್ನು ಸ್ಪರ್ಧೆಗೆ ಕಳಿಸಬೇಡಿ. 'ಎಲ್ಲೂ ಪ್ರಕಟವಾಗಿರಬಾರದು' ಅಂದರೆ ಅದೂ ಸೇರುತ್ತದೆ. ಕರಡನ್ನು ಇಲ್ಲಿ ಪೂರ್ತಿ ಹಾಕೋದೂ ಬೇಡ. ನಾಲ್ಕು ಸಾಲು ಸಾಕು.

ಮುಂದೆ ಎಂಟು ಹತ್ತು ಕಥೆ ಆದಾಗ, ಇನ್ನೂ ಕಥಾ ಸಂಕಲನ ಬಾರದವರ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದವರು ಬಹುಮಾನ ಕೊಟ್ಟು ಅವರೇ ಪ್ರಕಟಿಸುತ್ತಾರೆ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಮಂಚದ ಕೆಳಗಿನ ದಾರಿ ಒಂದೇ ಅಲ್ಲ.

ಮಿಡಿಗಾಯಿ · ಜುಲೈ 2

ಗಿರಾಕಿಯವರು ಮತ್ತೆ ಕುಲಾವಿ.

ಲೆಕ್ಕದ ಪುಸ್ತಕ · ಆಗಸ್ಟ್ 4

ಜಾಗ ಸಿಕ್ಕಿತು! ಅಂಗಡಿಯಲ್ಲೇ. ಟೆಂಡರ್, ಅಂದರೆ ಮೆಣಸಿನಕಾಯಿ ಹರಾಜು, ಇರೋದು ಸೋಮವಾರ, ಗುರುವಾರ. ಉಳಿದ ದಿನ ಮಧ್ಯಾಹ್ನ ಒಂದೂವರೆಗೆ ಸಾಹುಕಾರರು ಊಟಕ್ಕೆ ಹೋದರೆ ಮೂರಕ್ಕೇ ಬರೋದು. ಹಿಂದಿನ ಕೋಣೆಯಲ್ಲಿ ಖಾಲಿ ಚೀಲದ ರಾಶಿ ಇದೆ, ಅದಕ್ಕೆ ಒರಗಿ ಕೂರುತ್ತೇನೆ. 2016ನೇ ಇಸವಿಯ ಕೆಂಪು ಬಟ್ಟೆಯ ಖಾತೆ ಪುಸ್ತಕ ಒಂದು ಅರ್ಧ ಖಾಲಿ ಬಿದ್ದಿತ್ತು, ಕೇಳಿ ತೆಗೆದುಕೊಂಡೆ. ಎಡಗಡೆ ಜಮಾ, ಬಲಗಡೆ ಖರ್ಚು ಅಂತ ಗೆರೆ ಇದೆ. ಎಡಗಡೆ ಕಥೆ ಬರೆಯುತ್ತೇನೆ. ಬಲಗಡೆ ಅನುಮಾನ: ಇವಳ ಗಂಡ ಎಲ್ಲಿ ಹೋದ, ಕೂಲಿ ದಿನಕ್ಕಾ ಕೆಜಿಗಾ, ಹೀಗೆ. ಯಾರಾದರೂ ನೋಡಿದರೆ ಲೆಕ್ಕ ಬರೀತಿದಾಳೆ ಅಂದುಕೊಳ್ಳುತ್ತಾರೆ.

ಒಂದೇ ತೊಂದರೆ, ಸೀಸನ್ ಮುಗಿದು ಮೂರು ತಿಂಗಳಾದರೂ ಚೀಲದಲ್ಲಿ ಘಾಟು ಇದೆ. ಪುಟಕ್ಕೆ ನಾಲ್ಕು ಸೀನು.

ನಾಲ್ಕು ಸಾಲು ಹಾಕಲಾ? ಮುಕಾದಮ ಅಂದರೆ ಕೂಲಿಯವರ ಮೇಸ್ತ್ರಿ. "ಮುಕಾದಮನ ಮಾತು ಕೇಳಿ ಗಂಗವ್ವನ ಮನಸ್ಸಿನಲ್ಲಿ ದುಃಖದ ಕಡಲೇ ಉಕ್ಕಿತು. ಆಕೆಯ ಕಂಗಳು ಅಶ್ರುಧಾರೆಯಿಂದ ತುಂಬಿದವು."

ಮಿಡಿಗಾಯಿ · ಆಗಸ್ಟ್ 4

ಬ್ಯಾಡಗಿಗೆ ಕಡಲು ಎಲ್ಲಿಂದ ಬಂತು? ಕಡಲು ನಮ್ಮಲ್ಲೇ ಇರಲಿ ಮಾರಾಯ್ತಿ. ಆ ಬಲಗಡೆಯ ಅನುಮಾನಗಳೇ ಇದಕ್ಕಿಂತ ಚೆನ್ನಾಗಿವೆ.

ಧಾರವಾಡದ ಮಳೆ · ಆಗಸ್ಟ್ 5

ಅಶ್ರುಧಾರೆ ಅಂತ ನೀವು ಮನೆಯಲ್ಲಿ ಯಾವತ್ತಾದರೂ ಅಂದಿದ್ದೀರಾ? 14 ವರ್ಷದ ಹಿಂದಿನ ಕಾಲೇಜಿನ ಹುಡುಗಿ ಬಂದು ಬರೆದುಹೋದ ಹಾಗಿದೆ. ಗಂಗವ್ವನ ಕೈ ಎಲ್ಲಿತ್ತು ಆಗ? ಏನು ಮಾಡುತ್ತಿದ್ದಳು?

ಅಂಕಿತ ಇಲ್ಲದವನು · ಆಗಸ್ಟ್ 5

ದುಃಖವಾಯಿತು ಅಂತ ನೇರವಾಗಿ ಬರೆದರೆ ತಪ್ಪೇನು? ಎಲ್ಲಾ ಸುತ್ತಿಬಳಸಿಯೇ ಹೇಳಬೇಕಾ?

ಧಾರವಾಡದ ಮಳೆ · ಆಗಸ್ಟ್ 5

ತಪ್ಪೇನಿಲ್ಲ. 'ಗಂಗವ್ವಗ ಭಾಳ ಕೆಟ್ಟನಿಸಿತು' ಅಂತ ಬರೆದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಓದುತ್ತಿದ್ದೆ. ನನ್ನ ಜಗಳ ಕಡಲಿನ ಜೊತೆ.

ಲೆಕ್ಕದ ಪುಸ್ತಕ · ಆಗಸ್ಟ್ 9

ನಾಲ್ಕು ದಿನ ಸಿಟ್ಟು ಮಾಡಿಕೊಂಡಿದ್ದೆ. ಈಗ ಹೀಗಿದೆ:

"ಮುಕಾದಮ ಹೋದ ಮೇಲೂ ಗಂಗವ್ವ ಕಣ್ಣು ಒರೆಸಿಕೊಳ್ಳಲಿಲ್ಲ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಯಾರೂ ಕಣ್ಣು ಮುಟ್ಟುವುದಿಲ್ಲ."

ಮಿಡಿಗಾಯಿ · ಆಗಸ್ಟ್ 9

ಓ.

ಬೇಲಿ ಹೂ · ಆಗಸ್ಟ್ 10

ಇದಕ್ಕೆ ಏನೂ ಹೇಳಬೇಡಿ ಯಾರೂ. ಮುಂದೆ ಬರೆಯಲಿ.

ಲೆಕ್ಕದ ಪುಸ್ತಕ · ಅಕ್ಟೋಬರ್ 19

ಕರಡು ಮುಗಿಯಿತು. ಖಾತೆ ಪುಸ್ತಕದಲ್ಲಿ 31 ಪುಟ. ಟೈಪ್ ಮಾಡಬೇಕು. ಅಂಗಡಿಯ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶ ಇದೆ. ಸಾಹುಕಾರರ ಪತ್ರ ಟೈಪ್ ಮಾಡಿ ರೂಢಿ ಇದೆ. ಆದರೆ ಅದನ್ನು ಗೆಳತಿಗೆ ಮೇಲ್ ಮಾಡಿದರೆ ಅವಳಿಗೆ ಬರೀ ವಿಚಿತ್ರ ಅಕ್ಷರ ಕಾಣುತ್ತದಂತೆ.

ನೇರಳೆ ಲೈನ್ · ಅಕ್ಟೋಬರ್ 19

ನೀವು ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದು ಒಳಗಡೆ ಇಂಗ್ಲಿಷ್ ಅಕ್ಷರವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿಬೀಳುತ್ತದೆ. 'ಬರಹ' ತಂತ್ರಾಂಶದ ಹಳೆ ಫಾಂಟುಗಳದ್ದೂ ಇದೇ ಕಥೆ. ನುಡಿಯಲ್ಲೇ, ಎಲ್ಲಾ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಆಯ್ಕೆ ಇದೆ, ಅದನ್ನು ಹಾಕಿಕೊಂಡು ಟೈಪ್ ಮಾಡಿ, ಕೀಲಿಗಳು ಅವೇ. ಈಗಾಗಲೇ ಮಾಡಿದ್ದನ್ನು ಬದಲಾಯಿಸೋಕೆ ಪರಿವರ್ತಕ ಇದೆ. ಆದರೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಂದೊಂದಾಗಿ ನೋಡಿ. ನನ್ನ ಒಂದು ಕಥೆಯಲ್ಲಿ ಅರ್ಕಾವತ್ತು ಹಾರಿಹೋಗಿ 'ಸೂರ್ಯ' ಅನ್ನುವವನು ಪೂರ್ತಿ 'ಸೂಯ' ಆಗಿದ್ದ.

ಯಾವುದರಲ್ಲಿ ಕಳಿಸಬೇಕು ಅಂತ ಪತ್ರಿಕೆಯವರೇ ಹಾಕಿರುತ್ತಾರೆ. ಅದರಂತೆ ಕಳಿಸಿ. ಜೊತೆಗೊಂದು ಪಿಡಿಎಫ್ ಇರಲಿ.

ಸೈಕಲ್ ಮೇಷ್ಟ್ರು · ಅಕ್ಟೋಬರ್ 20

ನಮ್ಮ ಕಾಲದಲ್ಲಿ ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಸ್ಟಾಂಪು ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳಿಸುತ್ತಿದ್ದೆವು. ಕಥೆ ವಾಪಸ್ ಬಂದರೆ ನಮ್ಮದೇ ಕೈಬರಹದ ವಿಳಾಸ ಹೊತ್ತುಕೊಂಡು ಬರುತ್ತಿತ್ತು. ಪೋಸ್ಟ್‌ಮ್ಯಾನ್ ದೂರದಿಂದಲೇ "ಮೇಷ್ಟ್ರೇ, ನಿಮ್ಮದೇ ಕಾಗದ" ಅನ್ನುತ್ತಿದ್ದ. ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಈಗಿನ ಮೌನವೇ ವಾಸಿ.

ಟೈಪ್ ಮಾಡೋ ಮೊದಲು ಒಂದು ಸಲ ಗಟ್ಟಿಯಾಗಿ ಓದಿ. ಆಕಾಶವಾಣಿಯ ಯುವವಾಣಿಯಲ್ಲಿ ಕಥೆ ಓದೋಕೆ ಹೋದಾಗ ಕಲಿತದ್ದು ಇದು. ನಾಲಗೆ ತಡವರಿಸಿದ ಕಡೆ ವಾಕ್ಯ ಸರಿ ಇಲ್ಲ ಅಂತಲೇ ಅರ್ಥ.

ಲೆಕ್ಕದ ಪುಸ್ತಕ · ಜನವರಿ 25

ಮೂರು ತಿಂಗಳು ಕಾಣೆಯಾಗಿದ್ದಕ್ಕೆ ಕ್ಷಮೆ ಇರಲಿ. ಸೀಸನ್. ಡಬ್ಬಿ, ಕಡ್ಡಿ, ಗುಂಟೂರು, ಎಲ್ಲಾ ತಳಿಯೂ ಒಟ್ಟಿಗೆ ಬಂದು ಬಿದ್ದಿದೆ. ಚೀಲದ ರಾಶಿಯ ಹಿಂದಿನ ನನ್ನ ಜಾಗದಲ್ಲಿ ಈಗ ನಿಜವಾದ ಮೆಣಸಿನಕಾಯಿ. ದಿನಾ ಬರೆಯೋ ರೂಢಿ ಮುರಿದುಬಿತ್ತು, ಬೇಲಿ ಹೂ ಹೇಳಿದ ಹಾಗೇ. ಆದರೆ ಬಲಗಡೆ ಬರೆಯೋ ರೂಢಿ ಬಿಟ್ಟಿಲ್ಲ. ಬಿಲ್ ಪುಸ್ತಕದ ಹಿಂದೆ ದಿನಕ್ಕೆ ಒಂದು ಎರಡು ಸಾಲು ಗೀಚುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಟೈಪ್ ಮಾಡಿ ಮುಗಿಸಿದೆ.

ಕಳಿಸೋ ಮೊದಲು ಒಂದೇ ಪ್ರಶ್ನೆ. ಮೊದಲ ಸಾಲು ಹೀಗಿದೆ: "ತುಂಬು ಬಿಡಿಸಿದ ಕೈ ರಾತ್ರಿ ಉರಿಯುತ್ತದೆ. ಗಂಗವ್ವ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕೂಸಿನಿಂದ ಒಂದು ಮೊಳ ದೂರ ಮಲಗುತ್ತಿದ್ದಳು." ಬೆಂಗಳೂರಿನ ಗೆಳತಿ 'ತುಂಬು' ಅಂದರೆ ಏನು, ತುಂಬುವುದಾ ಅಂತ ಕೇಳಿದಳು. ಬದಲಾಯಿಸಲಾ?

ಗಾಂಧಿಬಜಾರ್ ಗಿರಾಕಿ · ಜನವರಿ 25

ನಾನೂ ಹಾಗೇ ಓದಿದೆ, ತಪ್ಪು ತಿಳಿಯಬೇಡಿ. ಮೊದಲ ಪದದಲ್ಲೇ ಓದುಗ ಎಡವಿದರೆ ಕಷ್ಟ. 'ತೊಟ್ಟು' ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಧಾರವಾಡದ ಮಳೆ · ಜನವರಿ 25

ಬೇಡವೇ ಬೇಡ. ಎಡವಲಿ ಬಿಡಿ, ಎರಡನೇ ಪುಟದಲ್ಲಿ ಎದ್ದು ನಿಲ್ಲುತ್ತಾರೆ.

ಮಿಡಿಗಾಯಿ · ಜನವರಿ 25

ನನಗೆ 'ಬಿಡಿಸಿದ ಕೈ' ಅಂದ ತಕ್ಷಣ ಹೊಳೆಯಿತು. ಆ ಒಂದು ಮೊಳ ದೂರ ಇದೆಯಲ್ಲ, ಅದನ್ನು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ.

ಸೈಕಲ್ ಮೇಷ್ಟ್ರು · ಜನವರಿ 26

ಆ ಹೆಂಗಸರನ್ನೇ ಕೇಳಿ ನೋಡಿ.

ಲೆಕ್ಕದ ಪುಸ್ತಕ · ಜನವರಿ 29

ಕೇಳಿದೆ. ಇವತ್ತು ಟೆಂಡರ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೂತಿದ್ದರು. ತೊಟ್ಟು ಅಂತ ಬರೆಯಲೇನು ಅಂದೆ. ಅವರಲ್ಲಿ ಹಿರಿಯಳು ನನ್ನ ಮುಖ ನೋಡಿ, "ತೊಟ್ಟು ಮಾವಿನಕಾಯಿಗೆ ಇರ್ತೈತಿ" ಅಂದಳು. ಉಳಿದವರು ನಕ್ಕರು. ಆಮೇಲೆ, ನಮ್ಮ ಬಗ್ಗೆ ಏನು ಬರದಿ, ಓದು ಅಂದರು. ಫೋನ್ ತೆಗೆದು ಎರಡು ಪುಟ ಓದಿದೆ. ಕೊಬ್ಬರಿ ಎಣ್ಣೆ ಅಲ್ಲ, ಒಳ್ಳೆಣ್ಣೆ ಅಂತ ತಿದ್ದಿದರು. ಕೂಲಿಯ ಲೆಕ್ಕದಲ್ಲೂ ಒಂದು ತಪ್ಪು ಹಿಡಿದರು. ಅದೂ ನಾನು ಲೆಕ್ಕ ಬರೆಯುವವಳು!

ತುಂಬು ಅಂತಲೇ ಇಟ್ಟು, ಎಣ್ಣೆ ಬದಲಾಯಿಸಿ, ರಾತ್ರಿ 11.20ಕ್ಕೆ ಕಳಿಸಿದೆ.